ತೊಟ್ಟಿಯ ಅಗಲ ಬಿಡಿ, ಆಳ ನೋಡಿ

ನಮ್ಮ ಗುಂಪಿನಲ್ಲಿ ಒಂದು ಅಗಲ, ಒಂದು ಕಿರಿದಾದ ತೊಟ್ಟಿಯ ತಳದಲ್ಲಿ ನೀರಿನ ಒತ್ತಡದ ಲೆಕ್ಕ ಹಾಕಿದವರಿಗೆ ಈ ಉತ್ತರ. ಎರಡರಲ್ಲೂ ಒಂದು ಮೀಟರ್ ಆಳದ ನೀರಿದೆ, ಅಗಲದ್ದರಲ್ಲಿ ನೀರು ಜಾಸ್ತಿ, ಹಾಗಾಗಿ ತಳದ ಒತ್ತಡವೂ ಜಾಸ್ತಿ ಅಂತ ಬರೆದಿದ್ದೀರಿ. ಇಲ್ಲ. ಎರಡರಲ್ಲೂ ನೀರಿನ ಒತ್ತಡ ಸುಮಾರು 9,800 ಪ್ಯಾಸ್ಕಲ್ಲೇ. ನೀರಿನ ತೂಕ ಹತ್ತು ಪಟ್ಟಾದರೆ ಅದನ್ನು ಹೊರುವ ತಳವೂ ಹತ್ತು ಪಟ್ಟಾಗಿದೆ, ಅಲ್ವಾ? ಗೋಡೆ ಹೊರಕ್ಕೆ ವಾಲಿದ್ದರೂ ಉತ್ತರ ಬದಲಾಗುವುದಿಲ್ಲ. ಮೇಲಿನ ಹೆಚ್ಚುವರಿ ನೀರಿನ ಭಾರವನ್ನು ಆ ಓರೆ ಗೋಡೆಯೇ ಹೊರುತ್ತದೆ.

ಈ ಗೊಂದಲ ಇಟ್ಟಿಗೆಯ ಲೆಕ್ಕದಿಂದ ಬರುತ್ತದೆ. ಅಲ್ಲಿ ತೂಕದಿಂದ ಶುರು ಮಾಡಿ, ಅದನ್ನು ನೆಲ ಮುಟ್ಟುವ ಮುಖದ ವಿಸ್ತೀರ್ಣದಿಂದ ಭಾಗಿಸುವುದು ಸರಿ. 3 ಕಿಲೋ ಇಟ್ಟಿಗೆಯನ್ನು 20×10 ಸೆಂಟಿಮೀಟರ್ ಮುಖದ ಮೇಲೆ ಮಲಗಿಸಿದರೆ 1,470 ಪ್ಯಾಸ್ಕಲ್, 10×7 ಮುಖದ ಮೇಲೆ ನಿಲ್ಲಿಸಿದರೆ 4,200. ಅಂದಹಾಗೆ, 200 ಚದರ ಸೆಂಟಿಮೀಟರ್ ಅಂದರೆ 0.02 ಚದರ ಮೀಟರ್. 10,000ದಿಂದ ಭಾಗಿಸಬೇಕು, 100ರಿಂದ ಅಲ್ಲ. ಎಷ್ಟು ಹೇಳಿದರೂ ಗುಂಪಿನಲ್ಲಿ ಈ ತಪ್ಪು ನಿಲ್ಲುತ್ತಿಲ್ಲ, ದಯವಿಟ್ಟು ಗಮನ ಕೊಡಿ. ದ್ರವಕ್ಕೆ ಬಂದಾಗ ತೂಕವನ್ನು ಪಕ್ಕಕ್ಕಿಡಿ. ಆಳ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ (ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಹೆಚ್ಚುವ ದರ), ಈ ಮೂರರ ಗುಣಲಬ್ಧ ಸಾಕು.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಪಾರದರ್ಶಕ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ. ಅರ್ಧಕ್ಕೆ ಬಣ್ಣದ ನೀರು ತುಂಬಿ. ಒಂದು ತುದಿಗೆ ಇನ್ನೊಂದು ನಳಿಕೆ, ಅದರ ಕೊನೆಗೆ ಬಲೂನಿನ ರಬ್ಬರ್ ಬಿಗಿದ ಆಲಿಕೆ. ಆಲಿಕೆಯನ್ನು ನೀರಿಗಿಳಿಸಿದಷ್ಟೂ ಯು ನಳಿಕೆಯ ಎರಡು ಕಾಲುಗಳಲ್ಲಿನ ಬಣ್ಣದ ನೀರಿನ ಮಟ್ಟದ ಅಂತರ ಹೆಚ್ಚುತ್ತದೆ. ಈಗ ಅದೇ ಆಳದಲ್ಲಿ ಆಲಿಕೆಯನ್ನು ಮೇಲಕ್ಕೆ, ಪಕ್ಕಕ್ಕೆ, ಕೆಳಕ್ಕೆ ತಿರುಗಿಸಿ. ಅಂತರ ಕದಲುವುದಿಲ್ಲ, ಅಂದರೆ ನೀರು ಎಲ್ಲ ದಿಕ್ಕಿಗೂ ಸಮನಾಗಿ ಒತ್ತುತ್ತದೆ. ಇಟ್ಟಿಗೆಗೆ ಇದು ಸಾಧ್ಯವಿಲ್ಲ, ಅದು ನೆಲವನ್ನಷ್ಟೇ ಒತ್ತುತ್ತದೆ. ಆಮೇಲೆ ಕಿರಿದಾದ ಪಾತ್ರೆ, ಅಗಲದ ಟಬ್ ಎರಡರಲ್ಲೂ ಒಂದೇ ಆಳಕ್ಕಿಳಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಕಣ್ಣೆದುರೇ ಸಿಗುತ್ತದೆ.

ಆದರೆ ಆಳವನ್ನು ರಬ್ಬರಿನ ನಡುವಿನಿಂದಲೇ ಅಳೆಯಿರಿ. ಜೋಡಣೆಯಲ್ಲಿ ಗಾಳಿ ಸೋರಿದರೆ ಎಲ್ಲ ಶ್ರಮ ವ್ಯರ್ಥ. ಗಡಸು ಪ್ಲಾಸ್ಟಿಕ್ ನಳಿಕೆ ಬೇಡ, ಬಗ್ಗಿಸಿದಲ್ಲಿ ಮಡಚಿಕೊಳ್ಳುತ್ತದೆ. ಸಿಲಿಕೋನ್ ನಳಿಕೆ ಎಷ್ಟೋ ವಾಸಿ. ದಪ್ಪ ರಬ್ಬರ್ ಒತ್ತಡದ ಒಂದು ಪಾಲನ್ನು ತಾನೇ ತಡೆಯುತ್ತದೆ, ಹಾಗಾಗಿ 10 ಸೆಂಟಿಮೀಟರ್ ಆಳಕ್ಕೆ ಅಂತರ ಅದಕ್ಕಿಂತ ಕಡಿಮೆ ಬಂದರೆ ಗಾಬರಿಯಾಗಬೇಡಿ.

ಬಾಟಲಿಗೆ ಬೇರೆ ಬೇರೆ ಎತ್ತರದಲ್ಲಿ ಮೂರು ತೂತು ಮಾಡಿ, ನೀರು ಚಿಮ್ಮುವುದನ್ನು ನೋಡಿ ಅಂತ ಗುಂಪಿನಲ್ಲಿ ಯಾರೋ ಸಲಹೆ ಕೊಟ್ಟಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಕೆಳಗಿನ ತೂತಿನ ನೀರೇ ಅತಿ ದೂರ ಹೋಗುತ್ತದೆ ಅಂತ ಚಿತ್ರ ಬರೆಯುತ್ತಾರೆ. ಬಾಟಲಿ ಮೇಜಿನ ಮೇಲಿದ್ದು ನೀರು ಅದೇ ಮೇಜಿಗೆ ಬಿದ್ದರೆ, ದೂರ ಹೋಗುವುದು ನೀರಿನ ಅರ್ಧ ಎತ್ತರದಲ್ಲಿರುವ ತೂತಿನದು. ಕೆಳಗಿನದು ವೇಗವಾಗಿ ಚಿಮ್ಮಿದರೂ ಬೀಳಲು ಸಮಯವೇ ಇಲ್ಲ. ಮಕ್ಕಳು ಸರಿಯಾಗಿ ನೋಡಿ ಹೇಳಿದ್ದನ್ನು ತಪ್ಪು ಅಂತ ಹೊಡೆದುಹಾಕುವುದು ಅನ್ಯಾಯ. ಮಾಡಲೇಬೇಕಿದ್ದರೆ ನೀರಿನ ಎತ್ತರದಷ್ಟೇ ಎತ್ತರದ ಪೀಠದ ಮೇಲೆ ಬಾಟಲಿ ಇಡಿ, ಮೇಲಿನಿಂದ ನೀರು ತುಂಬಿಸುತ್ತಲೇ ಇರಿ. ಆಗ ಕೆಳಗಿನದೇ ಮುಂದೆ ಹೋಗುತ್ತದೆ.

ಇನ್ನೊಂದು, ಪ್ರಶ್ನೆಯಲ್ಲಿ 'ಒಟ್ಟು ಒತ್ತಡ' ಅಂತಿದ್ದರೆ ವಾತಾವರಣದ 1,01,325 ಪ್ಯಾಸ್ಕಲ್ ಕೂಡಿಸಬೇಕು. 10 ಮೀಟರ್ ಆಳದಲ್ಲಿ ನೀರಿನ ಪಾಲೇ ಸುಮಾರು 98,000. ಕೂಡಿಸಲು ಮರೆತರೆ ಉತ್ತರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.