ನಡುವಿನ ಆ ಮೂರು ಪುಸ್ತಕಗಳನ್ನು ಹಾರಿಸಬೇಡಿ

ಫಸ್ಟ್ ಲಾ ಅನ್ನುವ ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಮೂರು ಸಂಪುಟ ಮುಗಿಸಿದ್ದೀರಿ. ನಡುವಿನ ಮೂರು ಬಿಡಿ ಕಾದಂಬರಿ ಬರೀ ಉಪಕಥೆ ತಾನೇ, ಅವನ್ನು ಬಿಟ್ಟು ನೇರವಾಗಿ ಎರಡನೇ ಟ್ರಿಲಜಿಯ ಮೊದಲ ಪುಸ್ತಕ ‘ಎ ಲಿಟಲ್ ಹೇಟ್ರೆಡ್’ಗೆ ಹೋಗಬಹುದಾ ಅಂತ ಕೇಳಿದ್ದೀರಿ. ಜೊತೆಗೆ, ಒಬ್ಬನೂ ಒಳ್ಳೆಯವನಿಲ್ಲದ ಈ ಕಥೆ ಓದಿ ಸುಸ್ತಾಗಿದೆ, ಇದರಲ್ಲಿ ಯಾರ ಪರ ನಿಲ್ಲಬೇಕು ಅಂತಲೂ ಕೇಳಿದ್ದೀರಿ. ಮೊದಲನೆಯದನ್ನು ನಾನು ಮಾಡಿ ನೋಡಿದ್ದೇನೆ. ನೀವು ಮಾಡಬೇಡಿ.

ನನ್ನ ಲೆಕ್ಕವೂ ನಿಮ್ಮದರ ಹಾಗೇ ಇತ್ತು. ಜೋ ಅಬರ್‌ಕ್ರಾಂಬಿ ಮೊದಲ ಮೂರನ್ನು 2006, 2007, 2008ರಲ್ಲಿ ತಂದರು. ‘ಏಜ್ ಆಫ್ ಮ್ಯಾಡ್ನೆಸ್’ ಅನ್ನುವ ಎರಡನೇ ಟ್ರಿಲಜಿ 2019, 2020, 2021ರಲ್ಲಿ ಬಂತು. ಮೂರು, ಮತ್ತೆ ಮೂರು. ನಡುವೆ ಬಂದದ್ದೆಲ್ಲ ಉಪಕಥೆ ಅಂದುಕೊಂಡೆ. ‘ಬೆಸ್ಟ್ ಸರ್ವ್ಡ್ ಕೋಲ್ಡ್’ನ ಹಿಂಬದಿ ಓದಿದರೆ ಬೇರೆ ದೇಶ, ಬೇರೆ ನಾಯಕಿ, ಮೊದಲ ಮೂರರ ಮುಖ್ಯ ಪಾತ್ರಗಳಾದ ಲೋಗನ್ ಇಲ್ಲ, ಗ್ಲೋಕ್ಟಾ ಇಲ್ಲ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟು ಹೊಸ ಟ್ರಿಲಜಿಯ ಎರಡು ಸಂಪುಟ ಒಂದೇ ಉಸಿರಿಗೆ ಓದಿದೆ. ಆಮೇಲೆ ಹಿಂದಕ್ಕೆ ಬಂದೆ. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿತ್ತು.

ಕೆಟ್ಟದ್ದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಓದು ಹಾಳಾಗುವಂಥದ್ದನ್ನು ಹೇಳುವುದಿಲ್ಲ.

ಶಿವರ್ಸ್ ನೆನಪಿದ್ದಾನಲ್ಲ? ಮೂರನೇ ಸಂಪುಟ ‘ಲಾಸ್ಟ್ ಆರ್ಗ್ಯುಮೆಂಟ್ ಆಫ್ ಕಿಂಗ್ಸ್’ನಲ್ಲಿ, ಲೋಗನ್‌ನ ಹಳೆಯ ಸಂಗಾತಿ ಡಾಗ್‌ಮ್ಯಾನ್ ಕಡೆ ಬಂದು ಸೇರುವ ಉತ್ತರದವನು. ಅವನ ಒಡಹುಟ್ಟಿದವನನ್ನು ಕೊಂದವನು ಲೋಗನ್. ‘ಬೆಸ್ಟ್ ಸರ್ವ್ಡ್ ಕೋಲ್ಡ್’ ಶುರುವಾಗುವಾಗ ಇದೇ ಶಿವರ್ಸ್ ಹಡಗು ಹತ್ತಿ ತಾಲಿನ್ಸ್‌ಗೆ ಬಂದಿಳಿಯುತ್ತಾನೆ. ಕೊಲ್ಲುವುದು ಸಾಕು, ಇನ್ನು ಒಳ್ಳೆಯ ಮನುಷ್ಯನಾಗಿ ಬಾಳಬೇಕು ಅನ್ನುವುದು ಅವನ ಆಸೆ. ಅದೇ ಹೊತ್ತಿಗೆ ಮೊಂಝಾ ಮುರ್ಕಾಟೊ ಅನ್ನುವ ಸೇನಾನಾಯಕಿ ಏಳು ಜನರನ್ನು ಕೊಲ್ಲಲು ಹೊರಟಿರುತ್ತಾಳೆ, ಅದಕ್ಕೆ ಕೈಬಲ ಬೇಕು. ಒಳ್ಳೆಯವನಾಗಬೇಕೆಂದು ಬಂದವನಿಗೆ ಸಿಗುವ ಕೂಲಿ ಸೇಡಿನದ್ದು. ಪುಸ್ತಕದುದ್ದಕ್ಕೂ ಓದುಗನನ್ನು ಹಿಡಿದಿಡುವ ಪ್ರಶ್ನೆ ಒಂದೇ: ಈ ಮನುಷ್ಯ ಉಳಿದುಕೊಳ್ಳುತ್ತಾನಾ? ಪ್ರಾಣದ ಮಾತಲ್ಲ, ಆ ಆಸೆಯ ಮಾತು.

‘ಎ ಲಿಟಲ್ ಹೇಟ್ರೆಡ್’ನಲ್ಲಿ ಅದೇ ಶಿವರ್ಸ್ ವಯಸ್ಸಾದವನಾಗಿ ಡಾಗ್‌ಮ್ಯಾನ್ ಮಗಳು ರಿಕ್ಕೆಯ ಪಕ್ಕ ನಿಂತಿರುತ್ತಾನೆ. ಅಲ್ಲಿ ಅವನ ಮುಖದ ವರ್ಣನೆ ಇದೆ. ಅಷ್ಟು ಓದಿದರೆ ಸಾಕು, ಇಡೀ ಹಳೆಯ ಕಾದಂಬರಿಯ ಪ್ರಶ್ನೆಗೆ ಉತ್ತರ ಕೈಗೆ ಬಂದುಬಿಡುತ್ತದೆ. ನನಗೆ ಪ್ರಶ್ನೆಯೇ ಗೊತ್ತಿರಲಿಲ್ಲ, ಆದ್ದರಿಂದ ಆ ಉತ್ತರ ತಟ್ಟಲಿಲ್ಲ. ಭಯ ಹುಟ್ಟಿಸುವ ಒಬ್ಬ ಕಾವಲಿನವನು ಅಂತ ದಾಟಿ ಹೋದೆ. ಆಮೇಲೆ ‘ಬೆಸ್ಟ್ ಸರ್ವ್ಡ್ ಕೋಲ್ಡ್’ ಹಿಡಿದಾಗ ಪ್ರಶ್ನೆ ಎದುರಿಗಿತ್ತು, ಉತ್ತರ ಆಗಲೇ ಗೊತ್ತಿತ್ತು. ಎರಡು ಕಡೆಯೂ ನಷ್ಟ. ಹೋದದ್ದು ಮಾಹಿತಿಯಲ್ಲ, ಅದನ್ನು ವಿಕಿಯಲ್ಲೂ ಓದಿಕೊಳ್ಳಬಹುದು. ಒಬ್ಬ ಮನುಷ್ಯ ಅಂಗುಲ ಅಂಗುಲವಾಗಿ ಬದಲಾಗುವುದನ್ನು, ಮುಂದೇನು ಅಂತ ತಿಳಿಯದೆ, ಅವನ ಜೊತೆ ನಡೆಯುತ್ತಾ ನೋಡುವುದು ಒಂದೇ ಸಲ ಸಿಗುತ್ತದೆ. ಮರು ಓದಿಗೆ ಅದು ದಕ್ಕುವುದಿಲ್ಲ.

‘ದಿ ಹೀರೋಸ್’ನಲ್ಲೂ ಹಾಗೇ ಆಯಿತು. ಒಂದು ಗುಡ್ಡ, ಅದರ ತಲೆಯ ಮೇಲೆ ಕಲ್ಲುಗಳ ವೃತ್ತ, ಮೂರು ದಿನದ ಯುದ್ಧ. ಉತ್ತರದ ಹಿಂದಿನ ರಾಜ ಬೆಥೋಡ್‌ನ ಮಗ ಕಾಲ್ಡರ್ ಕತ್ತಿ ಹಿಡಿಯಲು ಹೇಸುವವನು, ನಾಲಿಗೆಯಲ್ಲೇ ಬದುಕುವವನು. ಸುತ್ತ ಇರುವವರಲ್ಲಿ ಅರ್ಧ ಜನಕ್ಕೆ ಅವನು ಸಾಯಬೇಕು. ಮೂರನೇ ದಿನದ ಸಂಜೆಗೆ ಅವನು ಎಲ್ಲಿರುತ್ತಾನೆ ಅನ್ನುವುದೇ ಆ ಕಥೆಯ ಬಿಗಿ. ಹೊಸ ಟ್ರಿಲಜಿಯಲ್ಲಿ ಉತ್ತರದ ಗದ್ದುಗೆ ಯಾರ ಮನೆಯಲ್ಲಿದೆ ಅಂತ ಓದಿದ ಮೇಲೆ ಆ ಬಿಗಿಯೂ ಸಡಿಲ.

ಇನ್ನು ನಿಮ್ಮ ‘ಉಪಕಥೆ’ ಅನ್ನುವ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಮೊಂಝಾಳ ಪಟ್ಟಿಯನ್ನೇ ತೆಗೆದುಕೊಳ್ಳಿ. ಮೊದಲ ಅಧ್ಯಾಯದಲ್ಲೇ ತಯಾರಾಗುವ ಪಟ್ಟಿ, ಹೇಳಿದರೆ ಏನೂ ಕೆಡುವುದಿಲ್ಲ. ಏಳರಲ್ಲಿ ಮೂವರು ತಾಲಿನ್ಸ್‌ನ ಡ್ಯೂಕ್ ಓರ್ಸೋ ಮತ್ತು ಅವನ ಇಬ್ಬರು ಗಂಡುಮಕ್ಕಳು. ಅಂದರೆ ನೀವು ಈಗಾಗಲೇ ನೋಡಿರುವ ರಾಣಿ ತೆರೇಝ್‌ಳ ಅಪ್ಪ ಮತ್ತು ಒಡಹುಟ್ಟಿದವರು. ಇನ್ನೊಬ್ಬ ಮಾಥಿಸ್: ದಗೋಸ್ಕಾದಲ್ಲಿ ಗ್ಲೋಕ್ಟಾನ ಮುಂದೆ ಹತ್ತು ಲಕ್ಷ ಮಾರ್ಕ್ ಇಟ್ಟನಲ್ಲ, ವ್ಯಾಲಿಂಟ್ ಅಂಡ್ ಬಾಲ್ಕ್ ಬ್ಯಾಂಕಿನ ಆ ಮನುಷ್ಯ. ಆ ಬ್ಯಾಂಕಿನ ಹಿಂದೆ ಯಾರಿದ್ದಾರೆ ಅಂತ ಮೂರನೇ ಸಂಪುಟ ಮುಗಿಸಿದ ನಿಮಗೆ ಗೊತ್ತು. ಹೊಸ ಟ್ರಿಲಜಿಯ ಯುವರಾಜನ ಹೆಸರೂ ಓರ್ಸೋ, ತಾತನ ಹೆಸರು. ಪಟ್ಟಿ ಗೊತ್ತಿರುವ ಓದುಗನಿಗೆ ಆ ಹೆಸರಿನಲ್ಲೇ ಒಂದು ಭಾರ ಇದೆ. ನನಗೆ ಅದು ಬರೀ ಹೆಸರಾಗಿತ್ತು.

ಮೂರನ್ನು ಓದುವ ಕ್ರಮ ಬಂದ ವರ್ಷದ ಕ್ರಮವೇ: ‘ಬೆಸ್ಟ್ ಸರ್ವ್ಡ್ ಕೋಲ್ಡ್’ 2009, ‘ದಿ ಹೀರೋಸ್’ 2011, ‘ರೆಡ್ ಕಂಟ್ರಿ’ 2012. ‘ದಿ ಹೀರೋಸ್’ ಚೆನ್ನಾಗಿದೆಯಂತೆ ಅಂತ ಮೊದಲು ಅದನ್ನು ಎತ್ತಿಕೊಳ್ಳುವವರು ಬಹಳ. ಮೊದಲ ಸಂಪುಟದಲ್ಲಿ ಯುವ ಸೇನಾಧಿಕಾರಿ ಜೆಝಲ್ ಎದುರು ಕತ್ತಿವರಸೆಯ ಫೈನಲ್‌ಗೆ ಬಂದ, ಸಣ್ಣ ಹೆಣ್ಣುದನಿಯ ಆ ದೈತ್ಯ ಗೋರ್ಸ್ಟ್ ‘ದಿ ಹೀರೋಸ್’ನಲ್ಲಿ ಮಾನ ಕಳೆದುಕೊಂಡು, ಒಳಗೊಳಗೇ ಕುದಿಯುತ್ತಾ ಕೂತಿರುತ್ತಾನೆ. ಯಾಕೆ ಅನ್ನುವುದು ‘ಬೆಸ್ಟ್ ಸರ್ವ್ಡ್ ಕೋಲ್ಡ್’ನ ಸಿಪಾನಿ ಭಾಗದ ಒಂದು ರಾತ್ರಿಯಲ್ಲಿದೆ. ಆ ರಾತ್ರಿಯನ್ನು ಮೊದಲೇ ಕಂಡಿದ್ದರೆ ಅವನು ರಾಜನಿಗೆ ಬರೆಯುವ ಪತ್ರಗಳ ಪ್ರತಿ ಸಾಲೂ ಬೇರೆಯಾಗಿ ಕೇಳುತ್ತದೆ.

‘ದಿ ಹೀರೋಸ್’ ನೂರು ಪುಟಕ್ಕೇ ಬಿಟ್ಟವರು ಹೇಳುವುದು ಒಂದೇ, ಹೆಸರು ಜಾಸ್ತಿ. ಆರು ಹೆಸರು ಹಿಡಿದುಕೊಳ್ಳಿ: ಕ್ರಾ, ಕಾಲ್ಡರ್, ಬೆಕ್, ಗೋರ್ಸ್ಟ್, ಫಿನ್ರೀ, ಟನ್ನಿ. ಕಥೆ ಹೆಚ್ಚಾಗಿ ಇವರ ಕಣ್ಣಿನಿಂದಲೇ ನಡೆಯುತ್ತದೆ, ಉಳಿದವರು ತಾವಾಗಿ ಅಂಟಿಕೊಳ್ಳುತ್ತಾರೆ. ಪುಸ್ತಕದಲ್ಲೇ ಯುದ್ಧಭೂಮಿಯ ನಕ್ಷೆ ಇದೆ, ಆ ಪುಟಕ್ಕೊಂದು ಗುರುತು ಇಟ್ಟುಕೊಳ್ಳಿ. ‘ಕ್ಯಾಶುವಲ್ಟೀಸ್’ ಅನ್ನುವ ಅಧ್ಯಾಯವನ್ನಂತೂ ಮಧ್ಯೆ ನಿಲ್ಲಿಸದೆ ಓದಿ. ಅಲ್ಲಿ ಒಬ್ಬನ ಮನಸ್ಸಿನೊಳಗೆ ಕೂತಿರುತ್ತೀರಿ, ಅವನು ಸಾಯುತ್ತಾನೆ, ತಕ್ಷಣ ಅವನನ್ನು ಕೊಂದವನ ಮನಸ್ಸಿಗೆ ದಾಟುತ್ತೀರಿ. ಅವನೂ ಸಾಯುತ್ತಾನೆ, ಮತ್ತೆ ದಾಟುತ್ತೀರಿ. ಯುದ್ಧದ ಬಗ್ಗೆ ಒಂದೂ ಉಪದೇಶ ಇಲ್ಲದೆ, ಕಣ್ಣು ಬದಲಿಸುವುದರಲ್ಲೇ ಎಲ್ಲ ಹೇಳಿ ಮುಗಿಸಿದ್ದಾರೆ.

ಮೂರರಲ್ಲೂ ಎರಡು ವಿಷಯದ ಮೇಲೆ ಕಣ್ಣಿಡಿ. ವ್ಯಾಲಿಂಟ್ ಅಂಡ್ ಬಾಲ್ಕ್ ಹೆಸರು ಎಲ್ಲಿ ಬಂದರೂ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡು ಕಣ್ಣಿಗೆ ಎರಡು ಬಣ್ಣ ಇರುವ ಮನುಷ್ಯ ಎಲ್ಲಿ ಕಂಡರೂ ನಿಲ್ಲಿ, ಅದು ಮಾಂತ್ರಿಕ ಬಯಾಝ್‌ನ ಶಿಷ್ಯ ಸಲ್ಫರ್. ‘ರೆಡ್ ಕಂಟ್ರಿ’ಯಲ್ಲಿ ಮೂರನೆಯದೂ ಒಂದಿದೆ: ಬೆರಳು ಎಣಿಸಿ. ‘ಲಾಸ್ಟ್ ಆರ್ಗ್ಯುಮೆಂಟ್’ನ ಕೊನೆಯಲ್ಲಿ ಕಿಟಕಿಯಿಂದ ಹಾರಿದವನ ವಿಚಾರ ತಲೆಯಲ್ಲಿ ಉಳಿದಿದ್ದರೆ ಅಷ್ಟು ಸಾಕು.

ಈಗ ಎರಡನೇ ಪ್ರಶ್ನೆ, ಯಾರ ಪರ ನಿಲ್ಲಬೇಕು. ಒಬ್ಬನೂ ಒಳ್ಳೆಯವನಿಲ್ಲ ಅನ್ನುವುದು ಸರಿಯಲ್ಲ. ಕಾಲೆಮ್ ವೆಸ್ಟ್‌ನನ್ನು ನೆನಪಿಸಿಕೊಳ್ಳಿ. ದುಡಿದು ಮೇಲೆ ಬಂದ ಸೇನಾಧಿಕಾರಿ, ಸೈನಿಕರ ಬಗ್ಗೆ ಕಾಳಜಿ ಇರುವವನು. ಅದೇ ವೆಸ್ಟ್ ತಂಗಿ ಆರ್ಡಿಯ ಮೇಲೆ ಕೈಮಾಡುತ್ತಾನೆ. ಅದೇ ವೆಸ್ಟ್ ಹಿಮದ ನಡುವೆ, ಒಬ್ಬ ಹೆಣ್ಣಿನ ಮೇಲೆ ಬಿದ್ದ ರಾಜಕುಮಾರ ಲಾಡಿಸ್ಲಾನನ್ನು ಪ್ರಪಾತಕ್ಕೆ ತಳ್ಳುತ್ತಾನೆ. ನಾಚಿಕೆಗೇಡಿನ ಕೆಲಸವೂ ನಮಗೆ ಹಾಯೆನಿಸುವ ಕೆಲಸವೂ ಒಂದೇ ಸಿಟ್ಟಿನಿಂದ ಹುಟ್ಟಿದವು. ಅಲ್ಲಿಗೇ ಮುಗಿಯಲಿಲ್ಲ. ಲಾಡಿಸ್ಲಾ ಹೋದದ್ದರಿಂದ ಗದ್ದುಗೆಯ ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು, ಬಯಾಝ್ ಜೆಝಲ್‌ನನ್ನು ಅಲ್ಲಿಗೆ ತಂದು ಕೂರಿಸಲು ದಾರಿ ಸಲೀಸಾಯಿತು. ಈ ಸರಣಿಯಲ್ಲಿ ಒಂದು ಕೆಲಸದ ಲೆಕ್ಕ ಅದೇ ಅಧ್ಯಾಯದಲ್ಲಿ ಚುಕ್ತಾ ಆಗುವುದಿಲ್ಲ, ಎಷ್ಟೋ ಸಲ ಅದೇ ಪುಸ್ತಕದಲ್ಲೂ ಆಗುವುದಿಲ್ಲ. ಪುಸ್ತಕ ಹಾರಿಸಬೇಡಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ. ಪರ ವಹಿಸಲು ಯಾರನ್ನೂ ಹುಡುಕಬೇಡಿ. ಯಾರು ಮಾಡಿದ್ದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಅಂತ ನೋಡುತ್ತಾ ಹೋಗಿ, ನೀವು ಹೇಳಿದ ಆ ಸುಸ್ತು ಕಡಿಮೆಯಾಗುತ್ತದೆ.

ಇದೇ ಲೋಕದ ಸಣ್ಣಕಥೆಗಳ ಸಂಕಲನವೂ ಒಂದಿದೆ: ‘ಶಾರ್ಪ್ ಎಂಡ್ಸ್’, 2016ರದು, 13 ಕಥೆಗಳು. ‘ರೆಡ್ ಕಂಟ್ರಿ’ ಆದ ಮೇಲೆ ಓದಿ. ಎಲ್ಲವೂ ಒಂದೇ ಮಟ್ಟದವಲ್ಲ, ಆದರೆ ಕೊನೆಯ ಕಥೆ ‘ಮೇಡ್ ಎ ಮಾನ್ಸ್ಟರ್’ ಬಿಡಬೇಡಿ. ಟ್ರಿಲಜಿಯುದ್ದಕ್ಕೂ ಲೋಗನ್ ಬಾಯಲ್ಲಿ ಬೆಥೋಡ್ ಬಗ್ಗೆ ಕೇಳಿದ್ದೀರಲ್ಲ, ಈ ಕಥೆ ಬೆಥೋಡ್ ಕಡೆಯಿಂದ ಇದೆ. ನಾವು ಅಷ್ಟು ಪುಟ ಯಾರ ಮಾತನ್ನು ನಂಬಿಕೊಂಡು ಬಂದೆವು ಅನ್ನುವುದು ಅಲ್ಲಿ ಬುಡಸಮೇತ ಅಲ್ಲಾಡುತ್ತದೆ.

ಹೆಸರುಗಳನ್ನು ವಿಕಿಯಲ್ಲಿ ಹುಡುಕಬೇಡಿ. ಬದುಕಿದ್ದಾನಾ ಸತ್ತಿದ್ದಾನಾ ಅನ್ನುವುದು ಮೇಲ್ಗಡೆಯೇ ಇರುತ್ತದೆ.

ಇಷ್ಟಾದ ಮೇಲೆ ‘ಎ ಲಿಟಲ್ ಹೇಟ್ರೆಡ್’ ತೆರೆಯಿರಿ. ಮೊದಲ ಟ್ರಿಲಜಿಯಿಂದ ಸುಮಾರು ಮೂವತ್ತು ವರ್ಷ ಸರಿದಿರುತ್ತದೆ. ಗಿರಣಿ, ಚಿಮಣಿ, ಹೊಗೆ. ‘ದಿ ಹೀರೋಸ್’ನ ಗುಡ್ಡದ ಕೆಳಗೆ ಬಯಾಝ್ ತಂದು ನಿಲ್ಲಿಸಿದ ಲೋಹದ ಕೊಳವೆಗಳನ್ನು ನೋಡಿದವರಿಗೆ ಆ ಹೊಗೆ ಎಲ್ಲಿಂದ ಶುರುವಾಯಿತು ಅಂತ ಯಾರೂ ಹೇಳಬೇಕಿಲ್ಲ. ಶಿವರ್ಸ್ ಬರುವ ಪುಟದಲ್ಲಿ ಮಾತ್ರ ನಿಧಾನವಾಗಿ ಓದಿ. ಎಲ್ಲರೂ ಹೆದರುವ ಆ ಮನುಷ್ಯ ರಿಕ್ಕೆಯ ಜೊತೆ ಹೇಗೆ ಮಾತಾಡುತ್ತಾನೆ ಅಂತ ಗಮನಿಸಿ. ಮೊದಲ ಓದಿನಲ್ಲಿ ಆ ದನಿ ನನಗೆ ಕೇಳಿಸಲೇ ಇಲ್ಲ.