ಬ್ರಿಟನ್‌ಗೆ ಸ್ಕಿಲ್ಡ್ ವರ್ಕರ್ ವೀಸಾ: ರಾಜೀನಾಮೆ ಯಾವಾಗ ಕೊಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾ, ಅಂದರೆ ಅಲ್ಲಿನ ಕಂಪನಿ ಕೆಲಸಕ್ಕೆ ಕರೆಸಿಕೊಂಡರೆ ಸಿಗುವ ವೀಸಾ ಬಗ್ಗೆ. ಮೊದಲೇ ಒಂದು ಮಾತು. 2025ರ ಜುಲೈ 22ರಿಂದ ನಿಯಮಗಳು ತುಂಬಾ ಬಿಗಿಯಾಗಿವೆ. ಎರಡು ಮೂರು ವರ್ಷದ ಹಿಂದೆ ಹೋದ ಗೆಳೆಯರು ಕೊಡುವ ಸಲಹೆ ಅವರ ಕಾಲಕ್ಕೆ ಸರಿಯಾಗಿತ್ತು, ಈಗ ಅದನ್ನೇ ನಂಬಿ ಹೊರಡಬೇಡಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಡೆವಲಪರ್, ವಯಸ್ಸು 31. ಮ್ಯಾಂಚೆಸ್ಟರ್‌ನ ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ವೀಸಾ ನಾವು ನೋಡಿಕೊಳ್ಳುತ್ತೇವೆ, ನೀವು ಬೇಗ ಬನ್ನಿ ಅಂತ ಎಚ್‌ಆರ್ ಹೇಳುತ್ತಿದ್ದಾರೆ. ಇಲ್ಲಿ ನನ್ನ ನೋಟಿಸ್ ಪೀರಿಯಡ್ ಎರಡು ತಿಂಗಳು. ಈಗಲೇ ರಾಜೀನಾಮೆ ಕೊಡಲೇ ಮೇಡಂ?

ದಯವಿಟ್ಟು ಕೊಡಬೇಡಿ. ಆಫರ್ ಲೆಟರ್ ಕಂಪನಿಯ ಮಾತು ಮಾತ್ರ. ವೀಸಾಗೆ ಅರ್ಜಿ ಹಾಕಲು ಬೇಕಿರುವುದು ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಎಲ್ಲರೂ ಸಿಒಎಸ್ ಎನ್ನುವುದು ಇದನ್ನೇ. ಹೆಸರು ಸರ್ಟಿಫಿಕೇಟ್ ಅಂತಿದ್ದರೂ ಅದು ಗೋಡೆಗೆ ಹಾಕುವ ಕಾಗದ ಅಲ್ಲ. ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಲು ಸರ್ಕಾರದ ಅನುಮತಿ ಇರುವ ಕಂಪನಿ, ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸ್‌ನ ಕಂಪ್ಯೂಟರ್‌ನಲ್ಲಿ ತುಂಬುವ ಒಂದು ದಾಖಲೆ. ನಿಮಗೆ ಸಿಗುವುದು ಅದರ ನಂಬರ್. ಹೊರದೇಶದಿಂದ ಬರುವವರಿಗಾದರೆ ಕಂಪನಿ ಒಬ್ಬೊಬ್ಬರಿಗೂ ಬೇರೆಯಾಗಿ ಇದಕ್ಕೆ ಹೋಮ್ ಆಫೀಸ್‌ನ ಒಪ್ಪಿಗೆ ಕೇಳಬೇಕು. ಅದು ಬಂದಿದೆಯಾ ಅಂತ ಎಚ್‌ಆರ್‌ಗೆ ನೇರವಾಗಿ ಕೇಳಿ.

ನಂಬರ್ ಒಂದೇ ಸಾಲದು, ಸಿಒಎಸ್‌ನಲ್ಲಿ ತುಂಬಿದ ವಿವರಗಳನ್ನೂ ಕಳಿಸಿಕೊಡಿ ಅನ್ನಿ. ಬಂದ ಮೇಲೆ ಸಾಲು ಸಾಲಾಗಿ ಓದಿ. ಮೊದಲು ಹೆಸರು. ನಮ್ಮಲ್ಲಿ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು, ಡಿಗ್ರಿಯಲ್ಲಿ ಬರೀ ಇನಿಷಿಯಲ್ ಇರುವವರು ಎಷ್ಟೋ ಜನ ಇದ್ದಾರೆ. ಸಿಒಎಸ್, ಇಂಗ್ಲಿಷ್ ಪರೀಕ್ಷೆ, ವೀಸಾ ಅರ್ಜಿ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಹೆಸರಿರಬೇಕು. ಆಮೇಲೆ ಆಕ್ಯುಪೇಷನ್ ಕೋಡ್, ಅಂದರೆ ಯಾವ ಬಗೆಯ ಕೆಲಸ ಅಂತ ಹೇಳುವ ಸಂಖ್ಯೆ. ನೀವು ಮಾಡುವ ಕೆಲಸಕ್ಕೂ ಆ ಕೋಡ್‌ನ ವಿವರಣೆಗೂ ಹೊಂದಿಕೆ ಆಗದಿದ್ದರೆ ಅರ್ಜಿ ತಿರಸ್ಕಾರ ಆಗಬಹುದು.

ಆಮೇಲೆ ಸಂಬಳ. ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್. ಆದರೆ ಪ್ರತಿ ಕೋಡ್‌ಗೂ ಗೋಯಿಂಗ್ ರೇಟ್ ಅಂತ ಬೇರೆ ದರ ಇದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಮುಟ್ಟಬೇಕು. ಸಾಫ್ಟ್‌ವೇರ್ ಡೆವಲಪರ್‌ಗಳ ಗೋಯಿಂಗ್ ರೇಟ್ 41,700ಕ್ಕಿಂತ ಮೇಲೇ ಇದೆ, ಹಾಗಾಗಿ ಮಿತಿ ದಾಟಿತಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಬೋನಸ್, ಓವರ್‌ಟೈಮ್ ಲೆಕ್ಕಕ್ಕೆ ಬರುವುದಿಲ್ಲ.

ಈಗ ದಿನಗಳ ಲೆಕ್ಕ. ಸಿಒಎಸ್ ಕೊಟ್ಟ ಮೂರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಕೆಲಸ ಶುರುವಾಗುವ ದಿನಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಹೊರಗಿನಿಂದ ಹಾಕಿದರೆ ಉತ್ತರ ಸಾಮಾನ್ಯವಾಗಿ ಮೂರು ವಾರದಲ್ಲಿ ಬರುತ್ತದೆ. ಅಂದರೆ ಮೂರು ವಾರ ಕಾದು, ವೀಸಾ ಬಂದ ಮೇಲೆ ರಾಜೀನಾಮೆ ಕೊಟ್ಟು, ಎರಡು ತಿಂಗಳು ನೋಟಿಸ್ ಮುಗಿಸಿದರೂ ಮೂರು ತಿಂಗಳೊಳಗೆ ಆಗುತ್ತದೆ. ಕೈಯಲ್ಲಿ ಉಳಿಯುವುದು ಒಂದು ವಾರ ಅಷ್ಟೇ. ಆದ್ದರಿಂದ ಶುರುವಾಗುವ ದಿನವನ್ನು ಇದಕ್ಕೆ ತಕ್ಕ ಹಾಗೆ ಇಡಿ ಅಂತ ಎಚ್‌ಆರ್‌ಗೆ ಈಗಲೇ ಹೇಳಿ. ಇದು ದೊಡ್ಡ ಬೇಡಿಕೆಯೇನಲ್ಲ. ಇಷ್ಟಕ್ಕೂ ಒಪ್ಪದ ಕಂಪನಿಯಾದರೆ ಅದರ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಪ್ರಶ್ನೆ: ಮೂರು ವರ್ಷದ ವೀಸಾಗೆ ನಾನು, ಹೆಂಡತಿ, ನಾಲ್ಕು ವರ್ಷದ ಮಗಳು ಹೋಗಬೇಕು. ಎಷ್ಟು ದುಡ್ಡು ಕೈಯಲ್ಲಿರಬೇಕು? ಹೆಂಡತಿಗೆ ಅಲ್ಲಿ ಕೆಲಸ ಮಾಡಲು ಆಗುತ್ತದೆಯೇ?

ದೊಡ್ಡ ಖರ್ಚು ವೀಸಾ ಫೀ ಅಲ್ಲ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ವೀಸಾ ಎಷ್ಟು ವರ್ಷಕ್ಕೋ ಅಷ್ಟನ್ನೂ ಅರ್ಜಿ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು. ನಿಮ್ಮಿಬ್ಬರಿಗೆ ತಲಾ 3,105, ಮಗಳಿಗೆ 2,328. ಒಟ್ಟು 8,538 ಪೌಂಡ್. ವೀಸಾ ಫೀ ಇದಕ್ಕೆ ಸೇರಿಲ್ಲ, ಮತ್ತು ಮಗುವಿಗೂ ದೊಡ್ಡವರಷ್ಟೇ ಫೀ. ವೀಸಾ ಸಿಗದಿದ್ದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ಫೀ ಬರುವುದಿಲ್ಲ. ನರ್ಸ್, ಡಾಕ್ಟರ್‌ಗಳು ಹೋಗುವ ಹೆಲ್ತ್ ಅಂಡ್ ಕೇರ್ ವೀಸಾಗೆ ಈ ಸರ್‌ಚಾರ್ಜ್ ಇಲ್ಲ.

ಇದಲ್ಲದೆ ಬ್ಯಾಂಕ್‌ನಲ್ಲಿ ತೋರಿಸುವ ಹಣ ಬೇರೆ. ನಿಮಗೆ 1,270, ಹೆಂಡತಿಗೆ 285, ಮೊದಲ ಮಗುವಿಗೆ 315, ಒಟ್ಟು 1,870 ಪೌಂಡ್. 28 ದಿನ ಸತತವಾಗಿ ಇದಕ್ಕಿಂತ ಒಂದು ಪೌಂಡ್ ಕೂಡ ಕಡಿಮೆ ಆಗಬಾರದು. ಮಧ್ಯೆ ಒಂದು ದಿನ ಇಳಿದರೂ ಲೆಕ್ಕ ಮತ್ತೆ ಮೊದಲಿನಿಂದ. ಆದರೆ ಮೊದಲ ತಿಂಗಳ ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂತ ಕಂಪನಿ ಸಿಒಎಸ್‌ನಲ್ಲಿ ದೃಢೀಕರಿಸಿದರೆ ಈ ಹಣ ತೋರಿಸಬೇಕಿಲ್ಲ. ಕುಟುಂಬಕ್ಕೂ ಹಾಗೆ ಬರೆಯಬಹುದು. ಕೇಳಿ ಬರೆಸಿಕೊಳ್ಳಿ.

ಸರ್‌ಚಾರ್ಜ್, ವೀಸಾ ಫೀ ಕಂಪನಿ ಕಟ್ಟುತ್ತದೆ ಎಂದರೆ ಸಂತೋಷ. ಆದರೆ ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಕರಾರಿನಲ್ಲಿ ಇದೆಯಾ ನೋಡಿ. ಆ ಖರ್ಚನ್ನು ಕೇಳುವುದು ಕಾನೂನಿಗೆ ವಿರುದ್ಧವಲ್ಲ. ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅಂತ ಕಂಪನಿ ಸರ್ಕಾರಕ್ಕೆ ಕಟ್ಟುವ ಹಣವನ್ನು ಮಾತ್ರ ನಿಮ್ಮ ಹತ್ತಿರ ವಸೂಲು ಮಾಡುವ ಹಾಗಿಲ್ಲ. ಸಿಒಎಸ್ ಕೊಡಲು ಕಂಪನಿಗೆ ಆಗುವ ಫೀ ಕೂಡ ಅಷ್ಟೇ.

ನಿಮ್ಮ ಹೆಂಡತಿಗೆ ಸ್ಪಾನ್ಸರ್ ಬೇಕಿಲ್ಲ, ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು. ಇದು ದೊಡ್ಡ ಆಸರೆ.

ಪ್ರಶ್ನೆ: ಇಂಗ್ಲಿಷ್ ಪರೀಕ್ಷೆಗೆ ನಾನು ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದು 7 ತೆಗೆದಿದ್ದೇನೆ. ಸಾಕಲ್ಲವೇ?

ಅಂಕ ಧಾರಾಳವಾಗಿ ಸಾಕು, ಪರೀಕ್ಷೆ ಬೇರೆ ಇರಬಹುದು. ವೀಸಾಗೆ ಬೇಕಿರುವುದು ಐಇಎಲ್‌ಟಿಎಸ್ ಫಾರ್ ಯುಕೆವಿಐ (ಯುಕೆವಿಐ ಅಂದರೆ ಹೋಮ್ ಆಫೀಸ್‌ನ ವೀಸಾ ವಿಭಾಗ), ಅದೂ ಒಪ್ಪಿಗೆ ಪಡೆದ ಸೆಂಟರ್‌ನಲ್ಲಿ ಬರೆದದ್ದು. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಯುಕೆವಿಐ ಅಂತ ಇದೆಯಾ ನೋಡಿ. 2026ರ ಜನವರಿ 8ರಿಂದ ಹೊಸಬರಿಗೆ ಬೇಕಾದ ಇಂಗ್ಲಿಷ್ ಮಟ್ಟ ಬಿ2ಗೆ ಏರಿದೆ, ಅಂದರೆ ನಾಲ್ಕೂ ವಿಭಾಗದಲ್ಲಿ ಕನಿಷ್ಠ 5.5. ಡಿಗ್ರಿ ಇಂಗ್ಲಿಷ್‌ನಲ್ಲೇ ಓದಿದ್ದರೆ ವಿದೇಶಿ ಡಿಗ್ರಿಗಳನ್ನು ಪರಿಶೀಲಿಸುವ ಎಕ್ಟಿಸ್ ಸಂಸ್ಥೆಯ ದೃಢೀಕರಣ ತೆಗೆದುಕೊಂಡು ಪರೀಕ್ಷೆಯನ್ನೇ ತಪ್ಪಿಸಬಹುದು. ಭಾರತದಿಂದ ಹೋಗುವವರಿಗೆ ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಕೂಡ ಬೇಕು. ಅದು ಆರು ತಿಂಗಳು ಮಾತ್ರ ನಡೆಯುತ್ತದೆ, ತೀರಾ ಮುಂಚೆ ಮಾಡಿಸಬೇಡಿ.

ಪ್ರಶ್ನೆ: ಕೇರ್ ಹೋಮ್ ಒಂದರಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸ ಇದೆ, 12,000 ಪೌಂಡ್ ಕೊಟ್ಟರೆ ಸಿಒಎಸ್ ಕೊಡಿಸುತ್ತೇನೆ ಅಂತ ಏಜೆಂಟ್ ಒಬ್ಬರು ಹೇಳಿದ್ದಾರೆ. ಕಂಪನಿ ಹೆಸರು ಸರ್ಕಾರದ ಪಟ್ಟಿಯಲ್ಲಿದೆ. ಜಮೀನು ಅಡ ಇಟ್ಟು ಕೊಡೋಣ ಅಂತಿದ್ದೇವೆ.

ಒಂದು ಪೈಸೆಯೂ ಕೊಡಬೇಡಿ. ಜಮೀನಿನ ಪತ್ರ ಮನೆಯಲ್ಲೇ ಇರಲಿ. ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ದಾರಿ 2025ರ ಜುಲೈ 22ರಂದೇ ಮುಚ್ಚಿದೆ. ಈಗ ಆ ಕೆಲಸದ ಹೆಸರಲ್ಲಿ ವೀಸಾ ಕೊಡಿಸುತ್ತೇನೆ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ. ಬೇರೆ ಕೆಲಸದ ಹೆಸರಲ್ಲಿ ಸಿಒಎಸ್ ಮಾಡಿಸೋಣ ಅಂದರೆ ಅದು ಇನ್ನೂ ಅಪಾಯ. ಸಿಕ್ಕಿಬಿದ್ದರೆ ಮೋಸದ ಅರ್ಜಿ ಅಂತ ನಿಮ್ಮ ಮೇಲೆ ದಾಖಲಾಗುತ್ತದೆ, ಏಜೆಂಟ್ ಮೇಲೆ ಅಲ್ಲ.

ಸ್ಪಾನ್ಸರ್‌ಗಳ ಪಟ್ಟಿ ಸರ್ಕಾರದ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಹೆಸರಿದ್ದರೆ ಕಂಪನಿಗೆ ಲೈಸೆನ್ಸ್ ಇದೆ ಅಂತ ಅರ್ಥವೇ ಹೊರತು ನಿಮಗೆ ಬಂದ ಪತ್ರ ಅವರದ್ದೇ ಅಂತ ಅಲ್ಲ. ನಿಜವಾದ ಕಂಪನಿಯ ಹೆಸರು ಹಾಕಿ ಸುಳ್ಳು ಪತ್ರ ಮಾಡುವುದು ಸುಲಭ. ಏಜೆಂಟ್ ಕೊಟ್ಟ ಫೋನ್ ನಂಬರ್ ಬಿಡಿ. ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ನೀವೇ ಕರೆ ಮಾಡಿ ಕೇಳಿ. ಇಂಟರ್‌ವ್ಯೂ ಇಲ್ಲದೆ ಕೆಲಸ, ದುಡ್ಡು ಕೊಟ್ಟರೆ ಸಿಒಎಸ್, ಇವೆರಡರಲ್ಲಿ ಒಂದು ಕೇಳಿಬಂದರೂ ಎದ್ದು ಬನ್ನಿ. ಸಾಲ ಮಾಡಿ ಹೋಗಿ, ಅಲ್ಲಿ ಕೆಲಸವೇ ಇಲ್ಲದೆ, ವಾಪಸ್ ಬರಲೂ ಆಗದೆ ಒದ್ದಾಡಿದ ಕುಟುಂಬಗಳು ಬಹಳ. ನಿಮ್ಮ ಮನೆಗೆ ಆ ಕಷ್ಟ ಬರುವುದು ಬೇಡ.

ಪ್ರಶ್ನೆ: ಲೀಡ್ಸ್‌ನಲ್ಲಿ ಇದೇ ವೀಸಾ ಮೇಲೆ ಒಂದೂವರೆ ವರ್ಷದಿಂದ ಇದ್ದೇನೆ. ಹೋದ ವಾರ ನನ್ನ ಹುದ್ದೆ ತೆಗೆದಿದ್ದೇವೆ ಅಂತ ಕಂಪನಿ ಹೇಳಿತು. 60 ದಿನದಲ್ಲಿ ದೇಶ ಬಿಡಬೇಕಂತೆ. ನಿದ್ದೆ ಬರುತ್ತಿಲ್ಲ.

ಸ್ವಲ್ಪ ಸಮಾಧಾನ ಮಾಡಿಕೊಳ್ಳಿ, ಆ 60 ದಿನ ಇನ್ನೂ ಶುರುವಾಗಿಲ್ಲ. ನಿಮ್ಮ ಕೊನೆಯ ಕೆಲಸದ ದಿನ ಆದ ಮೇಲೆ ಕಂಪನಿ 10 ಕೆಲಸದ ದಿನಗಳೊಳಗೆ ಹೋಮ್ ಆಫೀಸ್‌ಗೆ ತಿಳಿಸುತ್ತದೆ. ಆಮೇಲೆ ಹೋಮ್ ಆಫೀಸ್ ನಿಮಗೆ ಪತ್ರ ಬರೆದು ವೀಸಾ ಮೊಟಕು ಮಾಡುತ್ತದೆ, ಸಾಮಾನ್ಯವಾಗಿ 60 ದಿನಕ್ಕೆ. ಕೊನೆಯ ದಿನಾಂಕ ಆ ಪತ್ರದಲ್ಲೇ ಇರುತ್ತದೆ. ಅದು ಬರುವುದು ಇಮೇಲ್‌ಗೆ. ಯುಕೆವಿಐ ಖಾತೆಯಲ್ಲಿ ಕಂಪನಿಯ ಇಮೇಲ್ ಕೊಟ್ಟಿದ್ದರೆ ಇವತ್ತೇ ನಿಮ್ಮ ಸ್ವಂತದ್ದಕ್ಕೆ ಬದಲಾಯಿಸಿ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ದಿನವೇ ಆ ಇಮೇಲ್ ಬಂದ್ ಆಗುತ್ತದೆ, ಪತ್ರ ಬಂದದ್ದೂ ಗೊತ್ತಾಗುವುದಿಲ್ಲ.

ನೋಟಿಸ್ ಅವಧಿಯನ್ನು ಪೂರ್ತಿ ಬಳಸಿಕೊಳ್ಳಿ. ಇವತ್ತೇ ದುಡ್ಡು ಕೊಡುತ್ತೇವೆ, ಹೋಗಿ ಅಂದರೆ ಬೇಡ, ನೋಟಿಸ್ ಮುಗಿಯುವವರೆಗೆ ಪೇರೋಲ್‌ನಲ್ಲೇ ಇಡಿ ಅಂತ ಕೇಳಿಕೊಳ್ಳಿ. ಒಂದು ತಿಂಗಳು ಜಾಸ್ತಿ ಸಿಕ್ಕರೂ ಅದು ಈಗ ನಿಮಗೆ ಸಂಬಳಕ್ಕಿಂತ ದೊಡ್ಡದು. ಎರಡು ವರ್ಷ ತುಂಬದ ಕಾರಣ, ಹುದ್ದೆ ತೆಗೆದಾಗ ಕಾನೂನು ಪ್ರಕಾರ ಸಿಗುವ ರಿಡಂಡೆನ್ಸಿ ಹಣ ನಿಮಗೆ ಬರುವುದಿಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಕೂಡ ಇಲ್ಲ. ಖರ್ಚು ಅದಕ್ಕೆ ತಕ್ಕಂತೆ ಹಿಡಿತದಲ್ಲಿಡಿ.

ರಿಕ್ರೂಟರ್‌ಗಳ ಜೊತೆ ಮಾತಾಡುವಾಗ ನನಗೆ ಸ್ಪಾನ್ಸರ್‌ಶಿಪ್ ಬೇಕು ಅಂತ ಬರೀ ಅಷ್ಟು ಹೇಳಿ ನಿಲ್ಲಿಸಬೇಡಿ. ನಾನು ಈಗಾಗಲೇ ದೇಶದೊಳಗೆ ಇದ್ದೇನೆ, ಬೇಕಿರುವುದು ಅನ್‌ಡಿಫೈನ್ಡ್ ಸಿಒಎಸ್ ಅಂತ ಹೇಳಿ. ಅದಕ್ಕೆ ಕಂಪನಿ ಪ್ರತಿ ಸಲ ಹೋಮ್ ಆಫೀಸ್ ಒಪ್ಪಿಗೆ ಕಾಯಬೇಕಿಲ್ಲ. ತಮ್ಮ ಪಾಲಿಗೆ ಬಂದಿದ್ದರಲ್ಲೇ ಒಂದನ್ನು ಕೊಡಬಹುದು. ಎಷ್ಟೋ ಸಣ್ಣ ಕಂಪನಿಗಳ ಎಚ್‌ಆರ್‌ಗೆ ಇದು ಗೊತ್ತಿರುವುದಿಲ್ಲ.

ಹೊಸ ಸಿಒಎಸ್ ಸಿಕ್ಕರೆ ಪತ್ರದಲ್ಲಿರುವ ದಿನಾಂಕದೊಳಗೆ ಅರ್ಜಿ ಹಾಕಿದರೆ ಸಾಕು. ಉತ್ತರ ಬರುವುದು ತಡವಾದರೂ ಅಲ್ಲಿಯವರೆಗೆ ನೀವು ಕಾನೂನುಬದ್ಧವಾಗಿಯೇ ಇರುತ್ತೀರಿ. ಆದರೆ ಹೊಸ ಕೆಲಸವನ್ನು ಒಪ್ಪಿಗೆ ಬರುವ ಮುಂಚೆ ಶುರು ಮಾಡಬೇಡಿ, ಕಂಪನಿ ಎಷ್ಟೇ ಅವಸರ ಮಾಡಿದರೂ ಸರಿ. ಹಾಗೇ, ಅರ್ಜಿ ಬಾಕಿ ಇರುವಾಗ ಊರಿಗೆ ಬಂದು ಹೋಗೋಣ ಅನ್ನಿಸಬಹುದು. ಬರಬೇಡಿ. ಉತ್ತರ ಬರುವ ಮುಂಚೆ ವಿಮಾನ ಹತ್ತಿದರೆ ಅರ್ಜಿ ವಾಪಸ್ ತೆಗೆದುಕೊಂಡಿರಿ ಅಂತಲೇ ಲೆಕ್ಕ.