ಕೃಷ್ಣ ಯಾಕೆ ಸುಮ್ನಿದ್ದ?

ಪ್ರಶ್ನೆ: ಸರ್, ಶಿಶುಪಾಲ ತುಂಬಿದ ಸಭೆಲಿ ಅಷ್ಟೆಲ್ಲಾ ಬೈತಾನೆ, ಕೃಷ್ಣ ಕೇಳ್ಕೊಂಡು ಕೂತಿರ್ತಾನೆ. ಅದು ತಾಳ್ಮೆನಾ, ಇಲ್ಲಾ ಮಾತು ಕೊಟ್ಟಿದ್ದಕ್ಕೆ ಕಟ್ಟುಬಿದ್ದಿದ್ದಾ?
— ಒಬ್ಬ ಓದುಗರು, ತಿಪಟೂರು

ಉತ್ತರ: ಮಾತು ಕೊಟ್ಟಿದ್ದು ಹೌದು, ಆದ್ರೆ ಯಾರಿಗೆ ನೋಡಿ. ಶಿಶುಪಾಲನ ತಾಯಿ ಶ್ರುತಶ್ರವೆ ಕೃಷ್ಣಂಗೆ ಸೋದರತ್ತೆ. ಮಗುಗೆ ಹುಟ್ತಾನೇ ಮೂರು ಕಣ್ಣು ನಾಲ್ಕು ಕೈ, ಯಾರ ತೊಡೆ ಮೇಲೆ ಕೂತಾಗ ಹೆಚ್ಚಿನವು ಹೋಗುತ್ವೋ ಅವರಿಂದ್ಲೇ ಸಾವು ಅಂತ ಅಶರೀರವಾಣಿ ಆಗಿತ್ತು, ಕೃಷ್ಣ ಎತ್ಕೊಂಡಾಗ ಹೋದ್ವು, ಅತ್ತೆ ಗಾಬರಿಯಾಗಿ ಬೇಡ್ಕೊಂಡ್ಲು, ಇವನು 100 ತಪ್ಪು ಕ್ಷಮಿಸ್ತೀನಿ ಅಂದ. (ನಮ್ಮನೇಲಿ ಮೂರನೇದಕ್ಕೇ ಕೈಗೆ ಕೋಲು ಬರ್ತಿತ್ತು!)

ಆ ತಪ್ಪುಗಳೂ ಸಣ್ಣವಲ್ಲ ರೀ. ಕೃಷ್ಣ ಪ್ರಾಗ್ಜ್ಯೋತಿಷಪುರಕ್ಕೆ ಹೋಗಿದ್ದಾಗ ದ್ವಾರಕೆಗೇ ಬೆಂಕಿ ಇಟ್ಟಿದ್ದ, ವಸುದೇವನ ಅಶ್ವಮೇಧದ ಕುದುರೆ ಕದ್ದಿದ್ದ. ಬರೀ ಮಾತಿಗೆ ಕಟ್ಟುಬಿದ್ದೋನು ಲೆಕ್ಕ ಮುಗಿದ್ರೆ ಸಾಕು ಅಂತ ಕಾಯ್ತಾನೆ, ಸೇಡು ತೀರಿಸ್ಕೋತಾನೆ. ಇಲ್ಲಿ ಚಕ್ರ ಬಿಟ್ಟ ಮೇಲೆ ಏನಾಯ್ತು? ಶಿಶುಪಾಲನ ದೇಹದಿಂದ ತೇಜಸ್ಸು ಎದ್ದು, ಕೃಷ್ಣಂಗೆ ನಮಸ್ಕಾರ ಮಾಡಿ ಅವನೊಳಗೇ ಸೇರ್ಕೊಳ್ತು. ಮಹಾಭಾರತದ ಸಭಾಪರ್ವದಲ್ಲೇ ಇದೆ, ಅದನ್ನ ಓದಿ ನೀವೇ ಹೇಳಿ.